ಬೇಕರಿಯಣ್ಣನ ಮಡ್ಡಿ

ಶನಿವಾರ ಸಂಜೆ ಹಲ್ಲು ಡಾಕ್ಟರ ಕ್ಲಿನಿಕ್ಕಿನ ಬಾಗಿಲಿಗೆ ‘ಮುಚ್ಚಿದೆ’ ಎಂಬ ಫಲಕ ಬಿದ್ದ ಮೇಲೆ ಒಳಗೆ ಮೂವರು ಗಂಡಸರು ಬಾಯಿ ತೆರೆಯುತ್ತಿದ್ದರು. ಹಲ್ಲು ತೋರಿಸುವುದಕ್ಕಲ್ಲ, ತಾವೇ ಮನೆಯಲ್ಲಿ ತಯಾರಿಸಿದ ಬಿಯರು ಕುಡಿಯುವುದಕ್ಕೆ. ಬಿಯರು ತಯಾರಿಸಲು ಮೂವರಿಗೂ ಮನೆಯಲ್ಲಿ ಒಪ್ಪಿಗೆ ಸಿಕ್ಕಿತ್ತು, ಕೂತು ಅದರ ಬಗ್ಗೆ ಮಾತಾಡಲು ಸಿಕ್ಕಿರಲಿಲ್ಲ. ಆ ಮಾತು ಕೇಳಿ ಕೇಳಿ ಹೆಂಡತಿಯರಿಗೆ ತಲೆ ಚಿಟ್ಟು ಹಿಡಿದಿತ್ತು. ಹಾಗಾಗಿ ರೋಗಿಗಳು ಕೆನ್ನೆ ಹಿಡಿದುಕೊಂಡು ಕಾಯುವ ಬೆಂಚಿನ ಮೇಲೆ, ಒಸಡಿನ ಕಾಯಿಲೆಗಳ ಬಣ್ಣದ ಚಿತ್ರದ ಕೆಳಗೆ, ಲೋಕದ ಅತ್ಯಂತ ಗಂಭೀರ ಚರ್ಚೆಗಳಲ್ಲಿ ಒಂದು ವಾರವಾರವೂ ನಡೆಯುತ್ತಿತ್ತು.

ಒಬ್ಬರು ಡಾಕ್ಟರು. ಹುರಿದ ಕಾಫಿ ಬೀಜ ಹಾಕಿ ಕಪ್ಪು ಬಿಯರು ಮಾಡುವುದರಲ್ಲಿ ಎತ್ತಿದ ಕೈ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಇನ್ನೊಬ್ಬರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಗೋಧಿ ಬಿಯರಿಗೆ ಕಿತ್ತಳೆ ಸಿಪ್ಪೆ ಹಾಕುವ ಪಂಗಡದವರು. ದಿನವಿಡೀ ಕಲಿಯುವವರ ಪಕ್ಕದಲ್ಲಿ ಕೂತು ಅಭ್ಯಾಸವಾಗಿ, ಬೆಂಚಿನ ಮೇಲೆ ಕೂತಾಗಲೂ ಗಾಬರಿಯಾದರೆ ಅವರ ಬಲಗಾಲು ಬ್ರೇಕು ಹುಡುಕುತ್ತಿತ್ತು. ಮೂರನೆಯವನು ನಮ್ಮ ಕಥಾನಾಯಕ, ಕನ್ನಡಕದಂಗಡಿಯವನು. ಊರಿಗೆಲ್ಲ ಕಣ್ಣು ಕಾಣಿಸುವಂತೆ ಮಾಡುವ ಈತ ತನ್ನ ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅಂಗಡಿಯೆಲ್ಲ ಹುಡುಕುತ್ತಿದ್ದುದರಿಂದ ಅವನಿಗೆ ‘ಚಾಳೀಸು’ ಎಂದು ಹೆಸರು ಬಿದ್ದಿತ್ತು.

ಆ ಹೆಸರು ಇಟ್ಟವರು ಬೇಕರಿಯಣ್ಣ. ಬೆಂಚಿನ ನಾಲ್ಕನೆಯ ಜಾಗ ಅವರದು. ಈ ಮೂವರಿಗೂ ಬಾರ್ಲಿ ನೆನೆಸುವುದರಿಂದ ಹಿಡಿದು ಬಾಟಲಿಗೆ ಬಿರಡೆ ಬಡಿಯುವವರೆಗೆ ಎಲ್ಲ ಕಲಿಸಿದವರು ಅವರೇ. ಕಲಿಸಿದ್ದಲ್ಲದೆ ಒಂದು ಕಾಯಿದೆಯನ್ನೂ ಮಾಡಿಟ್ಟಿದ್ದರು. ಯಾರ ಬಿಯರೇ ಆಗಲಿ, ಮೊದಲ ಗುಟುಕಿಗೆ ಎಲ್ಲರೂ ಮೌನ. ಎರಡನೆಯ ಗುಟುಕಿಗೆ ಒಂದು ಹೊಗಳಿಕೆ. ಮೂರನೆಯ ಗುಟುಕಿಗೆ ಬೈಗುಳ. ಬೈಯುವುದರಲ್ಲಿ ಅವರದು ದೊಡ್ಡ ಕೈ. ಚಾಳೀಸು ಮೊಟ್ಟಮೊದಲು ಮಾಡಿದ ಬಿಯರಿನ ಮೂರನೆಯ ಗುಟುಕು ಇಳಿಸಿ, ಬಾಯಿ ಒರೆಸಿಕೊಂಡು, “ಇದನ್ನ ಕುಡಿಯೋದಕ್ಕಿಂತ ಅಂಗಡೀಲಿ ಕನ್ನಡಕ ಒರೆಸೋಕೆ ಇಟ್ಕೊಳಯ್ಯ” ಅಂದಿದ್ದರು. ಚಾಳೀಸು ಆ ಮಾತನ್ನು ಪದವಿಯ ಹಾಗೆ ಎದೆಯಲ್ಲಿ ಇಟ್ಟುಕೊಂಡಿದ್ದ. ಬೈಸಿಕೊಂಡು ಮನೆಗೆ ಹೋಗಿ ಹಠ ಹಿಡಿದು ಮಾಡಿದ ಮುಂದಿನ ಬಿಯರು ಸ್ವಲ್ಪ ಸುಧಾರಿಸಿರುತ್ತಿತ್ತು, ಅದಕ್ಕೆ ಸ್ವಲ್ಪ ಬೇರೆ ಥರದ ಬೈಗುಳ ಸಿಗುತ್ತಿತ್ತು. ಹೀಗೇ ಎಷ್ಟೋ ವರ್ಷ ಸುಖವಾಗಿ ಕಳೆದವು.

ಆಮೇಲೆ ಬೇಕರಿಯಣ್ಣ ತೀರಿಕೊಂಡರು. ಅವರ ಹೆಂಡತಿ, ಎಲ್ಲರೂ ಅತ್ತಿಗೆ ಎಂದು ಕರೆಯುತ್ತಿದ್ದವರು, ಬೇಕರಿಗೆ ಬೀಗ ಹಾಕಿ ತಂಗಿಯ ಊರಿಗೆ ಹೊರಟರು. ಹೊರಡುವ ಮುಂಚೆ ಗಂಡ ಮಾಡಿಟ್ಟಿದ್ದ ಬಿಯರಿನ ಕೊನೆಯ ಬಾಟಲಿಯನ್ನೂ ಬಿಸ್ಕತ್ತಿನ ಒಂದು ಖಾಲಿ ಗಾಜಿನ ಜಾಡಿಯನ್ನೂ ಈ ಮೂವರಿಗೆ ಕೊಟ್ಟುಹೋದರು. ಮೂವರೂ ಹಂಚಿಕೊಂಡು ಕುಡಿದರು. ತಳದಲ್ಲಿ ಬೂದು ಬಣ್ಣದ ಮಡ್ಡಿ ಉಳಿಯಿತು. ಬಾಟಲಿ ತೊಳೆಯಲು ಕೈ ಹಾಕಿದ ಮೇಷ್ಟ್ರನ್ನು ಡಾಕ್ಟರು ತಡೆದರು. ಈ ಮಡ್ಡಿಯೇ ಯೀಸ್ಟು, ಇದಕ್ಕಿನ್ನೂ ಜೀವ ಇದೆ, ಕುದಿಸಿ ಆರಿಸಿದ ಮಾಲ್ಟಿನ ನೀರು ಆಗಾಗ ಹಾಕುತ್ತ ಬಂದರೆ ಇದಕ್ಕೆ ಸಾವೇ ಇಲ್ಲ, ಇದರಿಂದಲೇ ನಾವು ಬಿಯರು ಹುದುಗಿಸುತ್ತ ಹೋದರೆ ಅಣ್ಣನೂ ನಮ್ಮ ಜೊತೆ ಇದ್ದ ಹಾಗೆಯೇ ಎಂದರು. ಮೇಷ್ಟ್ರ ಕಣ್ಣು ಆಗಲೇ ಒದ್ದೆಯಾಗಿತ್ತು.

ಯಾರ ಮನೆಯಲ್ಲಿ ಇಡುವುದು? ಡಾಕ್ಟರ ಕ್ಲಿನಿಕ್ಕಿನಲ್ಲಿ ಕ್ರಿಮಿನಾಶಕದ ಗಾಳಿ. ಮೇಷ್ಟ್ರ ಮನೆಯಲ್ಲಿ ಮೊಮ್ಮಕ್ಕಳ ಸೈನ್ಯ. ಊರಲ್ಲೇ ಅತಿ ಚೊಕ್ಕಟವಾದ ಅಡುಗೆಮನೆ ಚಾಳೀಸುವಿನದು, ಯಾಕೆಂದರೆ ಅಲ್ಲಿ ಅವನ ಅತ್ತೆ ಇದ್ದರು. ಮಡ್ಡಿಯನ್ನು ಜಾಡಿಗೆ ಸುರಿದು ಅವನ ಕೈಗೆ ಕೊಟ್ಟರು. ಜನ್ಮದಲ್ಲಿ ಯಾರೂ ಏನನ್ನೂ ನಂಬಿ ಕೊಡದಿದ್ದ ಚಾಳೀಸು ಆ ಸಂಜೆ ಜಾಡಿಯನ್ನು ಎದೆಗೆ ಅವಚಿಕೊಂಡು, ಎದುರಾದ ಪ್ರತಿ ಸೈಕಲ್ಲಿಗೂ ದಾರಿ ಬಿಟ್ಟು, ಮನೆ ಸೇರಿದ.

ಚೊಕ್ಕಟವಾದ ಅಡುಗೆಮನೆ ಎಂದೆನಲ್ಲ, ಅನಾಹುತವಾದದ್ದು ಅಲ್ಲೇ. ಅದೇ ವಾರ ಒಂದು ಸಂಜೆ ಚಾಳೀಸು ಮನೆಗೆ ಬಂದು ನೋಡಿದರೆ ಜಾಡಿ ಕಿಟಕಿಯ ಹತ್ತಿರ ಬೋರಲಾಗಿ ಕೂತು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಫ್ರಿಜ್ಜಿನೊಳಗೆ ಹಿಂದಿನ ಸಾಲಿನಲ್ಲಿ ಯಾವುದೋ ಜಾಡಿಯಲ್ಲಿ ಏನೋ ಕೊಳೆತು ತಳ ಹಿಡಿದಿತ್ತು, ಉಜ್ಜಿದರೂ ಬಿಡಲಿಲ್ಲ, ಕೊನೆಗೆ ಸೋಡಾಪುಡಿ ಹಾಕಿ ಕುದಿಯುವ ನೀರು ಬಿಟ್ಟ ಮೇಲೆ ದಾರಿಗೆ ಬಂತು ಎಂದು ಅತ್ತೆಯವರು ಹೆಮ್ಮೆಯಿಂದ ವರದಿ ಒಪ್ಪಿಸಿದರು. ಚಾಳೀಸು ಅಲ್ಲೇ ಕುಕ್ಕರಿಸಿದ. ಹೆಂಡತಿ ನೀರು ತಂದು ಕೊಟ್ಟಳು. ಏನಾಯಿತೆಂದು ಇಬ್ಬರೂ ಕೇಳಿದರು. ಹೇಳಿದರೆ ಅರ್ಥವಾಗುವಂಥದ್ದೇ?

ಆ ಗಳಿಗೆಯಲ್ಲಿ ಅವನು ಮಾಡಬೇಕಾದದ್ದು ಒಂದೇ, ಗೆಳೆಯರಿಗೆ ನಿಜ ಹೇಳುವುದು. ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ. ದಿನಸಿ ಅಂಗಡಿಗೆ ಓಡಿ ಬ್ರೆಡ್ಡು ಮಾಡುವ ಯೀಸ್ಟಿನ ಪ್ಯಾಕೆಟ್ಟು ತಂದ, ಜಾಡಿಗೆ ಸುರಿದ, ಸಕ್ಕರೆ ನೀರು ಹಾಕಿದ. ಜಾಡಿಯಲ್ಲಿ ನೊರೆ ಬಂತು. ಚಾಳೀಸುವಿಗೆ ಜೀವ ಬಂತು. ಈ ಶನಿವಾರ ಒಂದು ಕಳೆದರೆ ಸಾಕು ಅಂದುಕೊಂಡ.

ಶನಿವಾರ ಮೇಷ್ಟ್ರು ಬಾಗಿಲಲ್ಲೇ, “ಹೇಗಿದ್ದಾರೆ?” ಎಂದು ಕೇಳಿದರು. ಹೇಗಿದೆ ಎಂದಲ್ಲ. ಚಾಳೀಸು, “ಚೆನ್ನಾಗಿದ್ದಾರೆ” ಎಂದ. ಅಲ್ಲಿಗೆ ಮುಗಿಯಿತು. ಒಂದು ಸಲ ‘ಚೆನ್ನಾಗಿದ್ದಾರೆ’ ಅಂದವನು ವಾಪಸು ಬರುವುದು ಹೇಗೆ?

ಡಾಕ್ಟರೂ ಮೇಷ್ಟ್ರೂ ಜಾಡಿಯಿಂದ ಚಮಚ ಚಮಚ ಒಯ್ದು ತಮ್ಮ ಬಿಯರು ಹುದುಗಿಸಿದರು. ಆ ಬಿಯರು ಹದವಾಗಿ ಬೆಂಚಿಗೆ ಬಂದಾಗ ಮೇಷ್ಟ್ರು ಮೊದಲ ಗುಟುಕಿಗೆ ಮೌನವಾಗಿದ್ದರು, ಎರಡನೆಯ ಗುಟುಕಿಗೆ “ಅವರೇ” ಎಂದರು, ಕರವಸ್ತ್ರ ತೆಗೆದರು. ಮೂರನೆಯ ಗುಟುಕು ಬಂತು. ಯಾರೂ ಬಾಯಿ ಬಿಡಲಿಲ್ಲ. ಅಣ್ಣನದೇ ಯೀಸ್ಟು ಹಾಕಿದ ಬಿಯರನ್ನು ಬೈದರೆ ಅಣ್ಣನನ್ನೇ ಬೈದ ಹಾಗಲ್ಲವೇ? ಅವತ್ತಿನಿಂದ ಬೈಗುಳದ ಪದ್ಧತಿ ನಿಂತುಹೋಯಿತು. ಡಾಕ್ಟರ ಕಪ್ಪು ಬಿಯರು ಸುಟ್ಟ ಪಾತ್ರೆಯ ವಾಸನೆ ಬಂದರೂ ಅಮೃತ, ಚಾಳೀಸುವಿನದು ನೀರು ನೀರಾಗಿದ್ದರೂ ಅಮೃತ. ಯಾರ ಬಿಯರು ಮೇಲು, ಯಾರದು ಕೀಳು ಎಂದು ಹಿಂದೆ ಜಗಳವಾಡಿ ಕಳೆಯುತ್ತಿದ್ದ ಸಂಜೆಗಳಲ್ಲಿ ಈಗ ಮೂವರೂ ತಲೆದೂಗುತ್ತ ಕೂರುತ್ತಿದ್ದರು. ಚಾಳೀಸುವಿಗೆ ಒಳಗೊಳಗೇ ಹೇಳಲಾರದ ಬೇಸರ. ಬೈಯುವವರಿಲ್ಲದೆ ಅವನ ಬಿಯರು ಸುಧಾರಿಸುವುದನ್ನೇ ಬಿಟ್ಟುಬಿಟ್ಟಿತ್ತು.

ಆದರೆ ಮನುಷ್ಯನ ಸ್ವಭಾವ ನೋಡಿ. ಸುಳ್ಳು ಜಾಡಿಯನ್ನು ಕಾಯುವುದರಲ್ಲಿ ಚಾಳೀಸು ನಿಜವಾದದ್ದನ್ನು ಕಾಯುವವನಿಗಿಂತ ಹೆಚ್ಚು ನಿಷ್ಠೆ ತೋರಿಸಿದ. ಹೆಂಡತಿಯ ಅಣ್ಣನ ಮನೆಗೆ ರೈಲಿನಲ್ಲಿ ಹೊರಟಾಗ ಜಾಡಿಯನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಎದುರಿಗೆ ಕೂತಿದ್ದ ಹೆಂಗಸು ಅವನ ಮುಖ ನೋಡಿ, ಯಾರದಪ್ಪ ಎಂದು ಮೆಲ್ಲಗೆ ಕೇಳಿದರು. ನಮಗೆಲ್ಲ ಹಿರಿಯರಾಗಿದ್ದವರು, ಕೊನೆಗೆ ಉಳಿದದ್ದು ಇಷ್ಟೇ ಎಂದು ಚಾಳೀಸು ನಿಟ್ಟುಸಿರು ಬಿಟ್ಟ. ಒಬ್ಬರು ಎದ್ದು ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟರು. ಇನ್ನೊಬ್ಬರು ಟೋಪಿ ತೆಗೆದರು. ಅಷ್ಟರಲ್ಲಿ ರೈಲಿನ ಕುಲುಕಾಟಕ್ಕೆ ಜಾಡಿಯ ಮುಚ್ಚಳ ‘ಪಕ್’ ಎಂದು ಎಗರಿ ಬಟ್ಟೆಯಡಿಯಿಂದ ನೊರೆ ಉಕ್ಕಿತು. ಟೋಪಿ ತೆಗೆದವರು ಮುಂದಿನ ನಿಲ್ದಾಣದಲ್ಲೇ ಇಳಿದುಹೋದರು. ಅದು ಅವರ ನಿಲ್ದಾಣವಾಗಿರಲಿಲ್ಲ ಎಂದು ಹೆಂಡತಿ ಇಂದಿಗೂ ಹೇಳುತ್ತಾಳೆ.

ಮೇಲಿನ ಮನೆಯಾಕೆಗೆ ಬೇರೆಯೇ ಅನುಮಾನ. ಚಾಳೀಸು ಬೆಳಿಗ್ಗೆ ಫ್ರಿಜ್ಜಿನ ಬಾಗಿಲು ತೆಗೆದು ಯಾರಿಗೋ ಊಟವಾಯಿತೇ ಎಂದು ಕೇಳುವುದು ಆಕೆಯ ಕಿವಿಗೆ ಬಿದ್ದಿತ್ತು. ಆಕೆ ನಗರಸಭೆಗೆ ದೂರು ಕೊಟ್ಟರು. ಆರೋಗ್ಯ ಇಲಾಖೆಯ ಅಧಿಕಾರಿ ಬಂದು, ಮನೆಯಲ್ಲಿ ಯಾವ ಪ್ರಾಣಿ ಸಾಕಿದ್ದೀರಿ, ಅದಕ್ಕೆ ಚುಚ್ಚುಮದ್ದು ಹಾಕಿಸಿದ್ದೀರಾ ಎಂದು ವಿಚಾರಣೆ ಶುರು ಮಾಡಿದರು. ಚಾಳೀಸು ಜಾಡಿ ತಂದಿಟ್ಟು, ಬೇಕರಿಯಣ್ಣನ ಕಥೆಯನ್ನು ತೊಳೆದ ಭಾಗವೊಂದನ್ನು ಬಿಟ್ಟು ಪೂರ್ತಿ ಹೇಳಿದ. ಅಧಿಕಾರಿ ಪೆನ್ನು ಜೇಬಿಗೆ ಹಾಕಿಕೊಂಡರು. ತಮ್ಮ ತಂದೆಯೂ ಮನೆಯ ಹಿಂದಿನ ಶೆಡ್ಡಿನಲ್ಲಿ ಬಿಯರು ಹುದುಗಿಸುತ್ತಿದ್ದರೆಂದೂ, ಬಕೆಟ್ಟಿಗೆ ಕಿವಿ ಇಟ್ಟರೆ ಗುಳುಗುಳು ಕೇಳುತ್ತಿತ್ತೆಂದೂ, ಬಿಯರು ಮಾತಾಡುತ್ತಿದೆ ಎಂದು ಅಪ್ಪ ಹೇಳುತ್ತಿದ್ದರೆಂದೂ ಹೇಳುತ್ತ ಹೇಳುತ್ತ ಅವರೂ ಜಾಡಿಗೆ ಕಿವಿ ಇಟ್ಟರು. ಅತ್ತೆಯವರು ಕೊಟ್ಟ ಚಹಾ ಕುಡಿದು, ಒಂದು ಚಮಚ ಮಡ್ಡಿಯನ್ನು ಔಷಧಿಯ ಸೀಸೆಗೆ ಹಾಕಿಸಿಕೊಂಡು, ಇಂಥ ಮನೆಗಳು ಊರಿಗೊಂದು ಇರಬೇಕು ಎಂದು ಹರಸಿ ಹೋದರು. ದಿನಸಿ ಅಂಗಡಿಯ ಪ್ಯಾಕೆಟ್ಟಿಗೆ ಹೀಗೆ ಸರ್ಕಾರದ ಮಾನ್ಯತೆಯೂ ಸಿಕ್ಕಿತು.

ಇಷ್ಟೆಲ್ಲ ಗೌರವಕ್ಕೆ ಕಾರಣವಾದ ಜಾಡಿಯ ಬಗ್ಗೆ ಅತ್ತೆಯವರಿಗೆ ಮಾತ್ರ ಕವಡೆಯಷ್ಟೂ ಮರ್ಯಾದೆ ಇರಲಿಲ್ಲ. ಅಳಿಯಂದಿರಿಗೆ ಒಂದು ನಾಯಿಮರಿಯಾದರೂ ತಂದುಕೊಡಬಾರದೇ ಎಂದು ಮಗಳನ್ನು ಕೇಳುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಕನ್ನಡಕದಂಗಡಿಯ ಬಾಗಿಲ ಗಂಟೆ ಕಿಣಿಕಿಣಿ ಎಂದಿತು. ತಲೆ ಎತ್ತಿ ನೋಡಿದರೆ ಬೇಕರಿ ಅತ್ತಿಗೆ. ಬೇಕರಿಯ ಜಾಗ ಖಾಲಿ ಮಾಡಿಕೊಡಲು ಬಂದಿದ್ದರು, ಬಂದವರು ಓದುವ ಕನ್ನಡಕವನ್ನೂ ಬದಲಾಯಿಸಿಕೊಂಡು ಹೋಗೋಣವೆಂದು ಈ ಕಡೆ ತಿರುಗಿದ್ದರು. ಚಾಳೀಸು ಅವರನ್ನು ಕೂರಿಸಿ, ಅಕ್ಷರದ ಫಲಕವನ್ನು ತಲೆಕೆಳಗಾಗಿ ನೇತುಹಾಕಿ, ಓದಿ ಎಂದ. ಅತ್ತಿಗೆ ತಾಳ್ಮೆಯಿಂದ ಕತ್ತು ಓರೆ ಮಾಡಿಕೊಂಡು ಓದಿದರು. ಓದಿ ಮುಗಿಸಿ ಕೇಳಿದರು.

“ಅವರ ಯೀಸ್ಟು ನಿಮ್ಮನೇಲಿ ಇನ್ನೂ ಇದೆಯಂತಲ್ಲಪ್ಪ. ಮೇಷ್ಟ್ರು ಹೇಳಿದ್ರು. ನಂಗೊಂದ್ಸಲ ನೋಡ್ಬೇಕು.”

ಸಾವಿರಾರು ಕಣ್ಣು ಪರೀಕ್ಷಿಸಿದ್ದ ಚಾಳೀಸು ಆ ಕಣ್ಣುಗಳನ್ನು ನೋಡಲಾರದೆ ಮಸೂರ ಒರೆಸುತ್ತ ನಿಂತ. ಶನಿವಾರ ಕ್ಲಿನಿಕ್ಕಿಗೇ ಬರುತ್ತೇನೆ ಎಂದು ಹೇಳಿ ಅವರು ಹೋದರು. ಅಂದು ಸಂಜೆಯವರೆಗೆ ಅವನು ಯಾರ ಕನ್ನಡಕವನ್ನು ಯಾರಿಗೆ ಕೊಟ್ಟನೋ ಭಗವಂತನಿಗೇ ಗೊತ್ತು. ಗೆಳೆಯರು ಬೆಂಚಿನಿಂದ ಎಬ್ಬಿಸಿ ಕಳಿಸುತ್ತಾರೆ, ಅದು ಒಂದು ಭಯ. ಅದಕ್ಕಿಂತ ದೊಡ್ಡದು ಇನ್ನೊಂದು. ಆ ಹೆಂಗಸಿಗೆ ಗಂಡನದು ಎಂದು ಜೀವಂತ ಉಳಿದಿದ್ದ ಒಂದೇ ಒಂದು ವಸ್ತುವನ್ನು ತನ್ನ ಕೈಗೆ ಕೊಟ್ಟಿದ್ದರು, ತಾನು ಅದನ್ನು ಒಂದು ವಾರವೂ ಉಳಿಸಲಿಲ್ಲ.

ಮೇಷ್ಟ್ರು ಸಂಭ್ರಮದಲ್ಲಿದ್ದರು. ಜಾಡಿಯನ್ನು ಅತ್ತಿಗೆಯ ಕೈಗೆ ವಿಧಿವತ್ತಾಗಿ ಒಪ್ಪಿಸುವುದು, ಮೇಷ್ಟ್ರು ನಾಲ್ಕು ಮಾತಾಡುವುದು ಎಂದು ನಿರ್ಧಾರವಾಯಿತು. ಮನೆಯವರೆಲ್ಲ ಬರಬೇಕೆಂದು ಹೇಳಿಕಳಿಸಿದರು. ಚಾಳೀಸುವಿನ ಹೆಂಡತಿ ತಲೆನೋವೆಂದು ತಪ್ಪಿಸಿಕೊಂಡಳು. ಅತ್ತೆಯವರು ಮಾತ್ರ ಒಳ್ಳೆಯ ಸೀರೆ ಉಟ್ಟು, ಕೈಚೀಲ ಹಿಡಿದು, ಚಾಳೀಸುವಿಗಿಂತ ಮೊದಲೇ ಗೇಟಿನ ಹತ್ತಿರ ನಿಂತಿದ್ದರು. ದಾರಿಯುದ್ದಕ್ಕೂ ಚಾಳೀಸು ಜಾಡಿಯನ್ನು ಎಡವಿ ಬೀಳಿಸಿಬಿಡುವ ಯೋಚನೆ ಮಾಡಿದ. ದಿನಾ ಎಡವುವವನಿಗೆ ಅಂದು ಒಂದು ಕಲ್ಲೂ ಸಿಗಲಿಲ್ಲ.

ಕ್ಲಿನಿಕ್ಕಿನಲ್ಲಿ ಅತ್ತಿಗೆಯನ್ನು ಡಾಕ್ಟರ ತಿರುಗುವ ಕುರ್ಚಿಯಲ್ಲಿ ಕೂರಿಸಿದ್ದರು. ಮೇಷ್ಟ್ರು ನಾಲ್ಕು ಮಾತಿನಲ್ಲಿ ಎರಡನ್ನು ಆಡಿ ಕರವಸ್ತ್ರಕ್ಕೆ ಕೈ ಹಾಕಿದರು. ಚಾಳೀಸು ಜಾಡಿ ಕೊಟ್ಟ. ಅತ್ತಿಗೆ ಹೊಸ ಕನ್ನಡಕ ಹಾಕಿಕೊಂಡು ಅದನ್ನು ದೀಪಕ್ಕೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

“ಎಷ್ಟು ಚೊಕ್ಕಟವಾಗಿ ಇಟ್ಕೊಂಡಿದ್ದೀಯಪ್ಪ. ನಮ್ಮನೇಲಿದ್ದಾಗ ಈ ಜಾಡಿ ಒಂದಿನವೂ ಹೀಗೆ ಹೊಳೀಲಿಲ್ಲ” ಎಂದರು.

ಅತ್ತೆಯವರಿಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ. ತಮ್ಮ ಕೈಯ ಕೆಲಸಕ್ಕೆ ಅಳಿಯ ಶಾಭಾಸ್‌ಗಿರಿ ತೆಗೆದುಕೊಳ್ಳುವುದೆಂದರೇನು?

“ಹೊಳೆಸಿದ್ದು ನಾನಮ್ಮ. ಅವ್ರು ಬರೀ ತಬ್ಬಿಕೊಂಡು ಓಡಾಡಿದ್ದು. ತಳದಲ್ಲಿ ಬೂದು ಬೂದಾಗಿ ಏನೋ ಕೊಳೆ ಕೂತಿತ್ತು. ಸೋಡಾಪುಡಿ ಹಾಕಿ, ಕುದಿಯೋ ನೀರು ಬಿಟ್ಟು, ಉಜ್ಜಿ ತೆಗೆದೆ.”

ಯಾವಾಗ ಎಂದು ಡಾಕ್ಟರು ಕೇಳಿದರು. ತಂದಿಟ್ಟ ವಾರವೇ ಎಂದು ಅತ್ತೆಯವರು ಹೇಳಿದರು, ಹೇಳಿ ಎಲ್ಲರ ಮುಖ ನೋಡಿ ಮೆಚ್ಚುಗೆಗೆ ಕಾದರು. ಮೇಷ್ಟ್ರ ಬಲಗಾಲು ನೆಲವನ್ನು ಒತ್ತಿ ಹಿಡಿಯಿತು.

“ಹಾಗಾದ್ರೆ ಇದರಲ್ಲಿ ಇರೋದೇನೋ?” ಎಂದು ಅವರು ಚಾಳೀಸುವನ್ನು ಕೇಳಿದರು.

ಬ್ರೆಡ್ಡಿನ ಯೀಸ್ಟು, ದಿನಸಿ ಅಂಗಡಿಯದು ಎಂದು ಚಾಳೀಸು ನೆಲ ನೋಡುತ್ತ ಹೇಳಿದ.

“ಅಂದ್ರೆ ನಾನು ಇಷ್ಟು ದಿನ ಪ್ಯಾಕೆಟ್ ಯೀಸ್ಟಿಗೆ ಅತ್ತಿದ್ದಾ?” ಎಂದರು ಮೇಷ್ಟ್ರು. ಆಮೇಲೆ ಅವರು ಆಡಿದ್ದನ್ನು ಹೆಂಗಸರಿದ್ದ ಕಡೆ ಆಡಬಾರದಿತ್ತು. ಡಾಕ್ಟರು ಮಾತ್ರ ಒಸಡಿನ ಚಿತ್ರವನ್ನೇ ಅಧ್ಯಯನ ಮಾಡುತ್ತಿದ್ದರು. ಮೇಷ್ಟ್ರು ಅವರ ಕಡೆ ತಿರುಗಿ, ನೀವಾದರೂ ಏನಾದರೂ ಹೇಳಿ ಎಂದು ಗದರಿದಾಗ, ಮೊದಲ ಚಮಚವನ್ನೇ ತಾವು ಮೂಸಿ ನೋಡಿದ್ದಾಗಿಯೂ, ಬನ್ನಿನ ವಾಸನೆ ಬಂದದ್ದರಿಂದ ಸಿಂಕಿಗೆ ಸುರಿದು ತಮ್ಮದೇ ಯೀಸ್ಟು ಹಾಕಿಕೊಳ್ಳುತ್ತಿದ್ದಾಗಿಯೂ ಒಪ್ಪಿಕೊಂಡರು. ಮತ್ತೆ ಹೇಳಲಿಲ್ಲವೇಕೆ ಎಂದರೆ, “ಹೇಗೆ ಹೇಳ್ಲಿ ಮೇಷ್ಟ್ರೇ, ನೀವು ಅಳ್ತಾ ಇದ್ರಿ” ಎಂದರು.

ಚಾಳೀಸು ಅತ್ತಿಗೆಯ ಮುಂದೆ ನಿಂತು, ಅಣ್ಣನನ್ನು ಉಳಿಸಿಕೊಳ್ಳಲು ತನ್ನ ಕೈಲಾಗಲಿಲ್ಲ ಎಂದು ಹೇಳಬೇಕೆಂದಿದ್ದ. “ಅತ್ತಿಗೆ” ಎಂಬಷ್ಟು ಮಾತ್ರ ಹೊರಬಂತು. ಅತ್ತಿಗೆಯ ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾರೆ ಎಂದು ಅವನ ಎದೆ ಒಡೆಯಿತು. ತಲೆ ಎತ್ತಿದಾಗ ನೋಡಿದರೆ ಅವರು ನಗುತ್ತಿದ್ದರು. ಕುರ್ಚಿ ಅರ್ಧ ಸುತ್ತು ತಿರುಗುವಷ್ಟು ನಗುತ್ತಿದ್ದರು.

“ಅವರ ಯೀಸ್ಟಿನ ಜಾಡೀನ ನಾನೇ ಎಷ್ಟು ಸಲ ತೊಳೆದಿದ್ದೀನೋ. ಜಾಡಿ ಕಂಡ್ರೆ ಕೈ ಸುಮ್ನಿರತ್ತಾ? ಅವರು ಮುಖ ಊದಿಸ್ಕೊಂಡು ಪೇಟೆಗೆ ಹೋಗಿ ಹೊಸಾ ಪ್ಯಾಕೆಟ್ ತರೋರು. ಹುಡುಗರಿಗೆ ಹೇಳ್ಬೇಡ ಕಣೇ, ಈ ಯೀಸ್ಟು ನಂಗೆ ಕಲಿಸಿದ ಗುರುಗಳ ಕಾಲದ್ದು ಅಂತ ಹೇಳಿಬಿಟ್ಟಿದ್ದೀನಿ ಅನ್ನೋರು.”

ಅತ್ತೆಯವರು ಹೋಗಿ ಅವರ ಕೈ ಹಿಡಿದುಕೊಂಡರು. ಜಾಡಿ ತೊಳೆಯುವವರ ಕಷ್ಟ ಜಾಡಿ ತೊಳೆಯುವವರಿಗೇ ಗೊತ್ತು ಎಂಬ ಒಪ್ಪಂದ ಅಲ್ಲೇ ಇಬ್ಬರ ನಡುವೆ ಆಗಿಹೋಯಿತು. ನಕ್ಕು ಮುಗಿಸಿ ಅತ್ತಿಗೆ ಚೀಲದಿಂದ ಹಳೆಯ ಪೇಪರು ಸುತ್ತಿದ ಒಂದು ಬಾಟಲಿ ತೆಗೆದರು. ಬೇಕರಿ ಖಾಲಿ ಮಾಡುವಾಗ ಒಲೆಯ ಹಿಂದಿನ ಸಂದಿಯಲ್ಲಿ ಸಿಕ್ಕಿತ್ತಂತೆ. ಬಿರಡೆಯ ಮೇಲೆ ಮೈದಾ ಹಿಟ್ಟು ಗಟ್ಟಿಯಾಗಿ ಕೂತಿತ್ತು. ನಿಜವಾದ ಕೊನೆಯ ಬಾಟಲಿ ಇದು. ಮೇಷ್ಟ್ರ ಸಿಟ್ಟು ಬಾಟಲಿ ಕಂಡು ಅರ್ಧಕ್ಕೇ ನಿಂತಿತು.

ಡಾಕ್ಟರು ಬಾಯಿ ಮುಕ್ಕಳಿಸುವ ಲೋಟಗಳನ್ನು ತಂದು ಎಲ್ಲರಿಗೂ ಸುರಿದರು. ಮೊದಲ ಗುಟುಕು. ಎಲ್ಲರೂ ಮೌನ. ಆ ಮೌನ ಕಾಯಿದೆಯ ಪ್ರಕಾರದ್ದಲ್ಲ, ಬಾಯಿ ಬಿಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಎರಡನೆಯ ಗುಟುಕು. ಬಹಳ ಹೊತ್ತು ಯೋಚಿಸಿ ಮೇಷ್ಟ್ರು, ಬಣ್ಣ ಚೆನ್ನಾಗಿದೆ ಎಂದರು. ಹಳತಾಗಿ ಹೀಗಾಗಿರಬೇಕು ಎಂದು ಡಾಕ್ಟರು ಸಮಾಧಾನ ಹೇಳಿದರು. ಇಲ್ಲಪ್ಪ, ಮೊದಲಿಂದಲೂ ಹೀಗೇ ಇತ್ತು, ನೀವು ಮರೆತಿದ್ದೀರಿ ಎಂದು ಅತ್ತಿಗೆ ಹೇಳಿದರು.

ಮೂರನೆಯ ಗುಟುಕು ಇಳಿಯಿತು. ಮೂವರೂ ಈಚಿನ ಅಭ್ಯಾಸದಂತೆ ಬೈಯದೆ ತಲೆ ತಗ್ಗಿಸಿದರು. ಅತ್ತಿಗೆ ಲೋಟ ಕೆಳಗಿಟ್ಟು, ಬೆಂಚಿನ ಖಾಲಿ ಜಾಗದ ಕಡೆ ತಿರುಗಿ, “ಥೂ, ನೆನೆದ ರಟ್ಟಿನ ಹಾಗಿದೆ ರೀ” ಎಂದರು. ಬೆಂಚಿನಲ್ಲಿ ಜೀವ ಬಂತು. ಇದನ್ನು ಕೊಟ್ಟರೆ ನನ್ನ ರೋಗಿಗಳಿಗೆ ಇಂಜೆಕ್ಷನ್ನೇ ಬೇಡ, ಬಾಯಿ ತಾನೇ ಮರಗಟ್ಟುತ್ತದೆ ಎಂದು ಡಾಕ್ಟರು ಬೈದರು. ಇದನ್ನು ಹಾಕಿದರೆ ನನ್ನ ಕಾರು ಕೂಡ ಹಿಂದಕ್ಕೆ ಓಡುತ್ತದೆ ಎಂದು ಮೇಷ್ಟ್ರು ಬೈದರು. ಎಷ್ಟೋ ಕಾಲದಿಂದ ಬಾಯಲ್ಲಿ ಕಟ್ಟಿಹಾಕಿದ್ದ ಬೈಗುಳವೆಲ್ಲ ಹೊರಬಂತು. ಬೈಯುತ್ತ ಬೈಯುತ್ತ ಅವರ ಮುಖದಲ್ಲಿ ನೀರು ಇಳಿಯುತ್ತಿತ್ತು, ಕರವಸ್ತ್ರ ಯಾರಿಗೂ ನೆನಪಾಗಲಿಲ್ಲ.

ಕೊನೆಗೆ ಎಲ್ಲರೂ ಚಾಳೀಸುವಿನ ಕಡೆ ನೋಡಿದರು. ಅವನೂ ಖಾಲಿ ಜಾಗದ ಕಡೆ ತಿರುಗಿದ.

“ಅಣ್ಣಾ, ಇದನ್ನ ಕುಡಿಯೋದಕ್ಕಿಂತ ಕನ್ನಡಕ ಒರೆಸೋಕೆ...”

ಮುಂದಕ್ಕೆ ಅವನಿಂದಾಗಲಿಲ್ಲ. ಮೇಷ್ಟ್ರು ಅವನ ಹೆಗಲ ಮೇಲೆ ಕೈ ಹಾಕಿ ಹತ್ತಿರ ಎಳೆದುಕೊಂಡು, ನಿನ್ನ ಬಿಯರೂ ಇಷ್ಟು ದಿನ ನಾಯಿ ಮೂಸುವ ಹಾಗಿರಲಿಲ್ಲ ಕಣೋ ಎಂದರು. ಚಾಳೀಸುವಿಗೆ ಆ ಮಾತು ಕೇಳಿ ಆದಷ್ಟು ಸಂತೋಷ ಬಹಳ ದಿನಗಳಿಂದ ಆಗಿರಲಿಲ್ಲ.

ಬಾಟಲಿಯ ತಳದಲ್ಲಿ ಬೂದು ಬಣ್ಣದ ಮಡ್ಡಿ ಉಳಿದಿತ್ತು. ಯಾರು ಇಟ್ಟುಕೊಳ್ಳುವುದು ಎಂಬ ಪ್ರಶ್ನೆ ಎದ್ದಾಗ ಚಾಳೀಸು ತನ್ನೆರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. ಅಷ್ಟರಲ್ಲಿ ಅತ್ತೆಯವರು ಮುಂದೆ ಬಂದು ಬಾಟಲಿ ಎತ್ತಿಕೊಂಡರು. ಗಂಡಸರು ಮೂವರೂ ಒಟ್ಟಿಗೆ ಎದ್ದು ನಿಂತರು. ಗಾಬರಿ ಬೇಡ ಎಂದು ಅತ್ತೆಯವರು ಹೇಳಿದರು. ಈ ಹೆಂಗಸಿನ ಗಂಡನದು ಇದು ಎಂದು ಆವತ್ತೇ ಯಾರಾದರೂ ಒಂದು ಮಾತು ಹೇಳಿದ್ದರೆ ತಾನೇಕೆ ತೊಳೆಯುತ್ತಿದ್ದೆ, ಇನ್ನು ಮೇಲೆ ಇದರ ಜವಾಬ್ದಾರಿ ತನ್ನದು ಎಂದರು. ಅತ್ತಿಗೆ ಹೂಂ ಎಂದು ತಲೆಯಾಡಿಸಿದರು.

ಆ ಮಡ್ಡಿಗೆ ನಿಜವಾಗಿ ಜೀವವಿತ್ತೋ ಇಲ್ಲವೋ ಎಂದು ಡಾಕ್ಟರಿಗೆ ಅನುಮಾನವಿತ್ತು. ಒಂದು ಬೆಳಿಗ್ಗೆ ಅದರಲ್ಲಿ ನೊರೆ ಬಂತು. ಅದನ್ನು ಸುರಿದಿಟ್ಟ ಜಾಡಿ ಈಗ ಫ್ರಿಜ್ಜಿನ ಮುಂದಿನ ಸಾಲಿನಲ್ಲೇ ಇದೆ, ಸುತ್ತಲಿನ ತಟ್ಟೆಗಳನ್ನೆಲ್ಲ ಬೇರೆ ಕಡೆಗೆ ಸಾಗಿಸಲಾಗಿದೆ. ಶನಿವಾರ ಚಾಳೀಸು ಒಂದು ಚಮಚ ತೆಗೆದುಕೊಳ್ಳೋಣವೆಂದು ಬಾಗಿಲು ತೆಗೆಯಲು ಹೋದರೆ ಹಿಂದಿನಿಂದ ಅತ್ತೆಯವರ ದನಿ ಕೇಳುತ್ತದೆ.

“ಅಳಿಯಂದಿರೇ, ಮೊದ್ಲು ಕೈ ತೊಳ್ಕೊಂಡು ಬನ್ನಿ. ಅವರಿಗಿನ್ನೂ ಊಟ ಆಗಿಲ್ಲ.”